ಹೊಲದಲ್ಲಿ ಏನೂ ಇಲ್ಲ ಎಂದೆ

ಗ್ರಾಮ ಪಂಚಾಯಿತಿಯ ಗೋಡೆಗೆ ನಕ್ಷೆ ಅಂಟಿಸಿದ ದಿನ ಅರ್ಧ ಊರು ಅಲ್ಲಿಗೆ ಬಂದು ನಿಂತಿತ್ತು. ನಾಶಿಕದ ಹತ್ತಿರದ ಸಿನ್ನರಿನ ಕಾರ್ಖಾನೆಗಳು ಬೆಳೆಯುತ್ತ ಬೆಳೆಯುತ್ತ ನಮ್ಮ ಊರಿನ ಸೀಮೆ ಮುಟ್ಟಿದ್ದವು. ಇನ್ನು ಮುಂದೆ ಇಲ್ಲಿ ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಹೊಲ ಹೊಲವಾಗಿಯೇ ಉಳಿಯಬೇಕು, ಎಲ್ಲಿ ರಸ್ತೆ ಹಾಯುತ್ತದೆ ಎಂದು ಸರಕಾರ ಬಣ್ಣ ಹಾಕಿ ತೋರಿಸಿದ ನಕ್ಷೆ ಅದು. ಊರಲ್ಲಿ ಎಲ್ಲರೂ ಅದನ್ನು ಡಿ.ಪಿ. ಎನ್ನುತ್ತಿದ್ದರು. ಹಳದಿ ಎಂದರೆ ಮನೆ, ಹಸಿರು ಎಂದರೆ ಹೊಲ, ಕೆಂಪು ಪಟ್ಟಿ ಎಂದರೆ ರಸ್ತೆ. ತಮ್ಮ ಜಾಗಕ್ಕೆ ಹಳದಿ ಬಿದ್ದವರು ಒಬ್ಬರ ಬೆನ್ನು ಒಬ್ಬರು ತಟ್ಟುತ್ತಿದ್ದರು. ಹಸಿರು ಬಿದ್ದವರು ಬೀಡಿ ಹಚ್ಚಿಕೊಂಡು ದೂರ ನಿಂತಿದ್ದರು.

ನಾನು ನಮ್ಮ ಹೊಲದ ಅಂಚಿನಲ್ಲಿರುವ ಖಾನಾವಳಿಯ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಹೋಗಿದ್ದೆ. ನಾನು ಓದಿದ್ದು ಬೀದರ ಜಿಲ್ಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ, ಅದೂ ಕನ್ನಡದಲ್ಲಿ. ಮರಾಠಿ ಮಾತಾಡುತ್ತೇನೆ. ಅಕ್ಷರ ಮಾತ್ರ ಬಸ್ಸಿನ ಬೋರ್ಡಿನಷ್ಟು ದೊಡ್ಡದಾಗಿದ್ದರೆ ಓದಿಕೊಳ್ಳುತ್ತೇನೆ. ನಕ್ಷೆಯಲ್ಲಿ ನಮ್ಮ ಹೊಲ ಹುಡುಕಲು ನನಗೆ ಆಗಲಿಲ್ಲ. ನಮ್ಮ ಪಕ್ಕದ ಹೊಲದ ಮುದುಕರು, ಊರೆಲ್ಲ ಕಾಕಾ ಎಂದು ಕರೆಯುವವರು, ತಮ್ಮ ಕೋಲಿನ ತುದಿಯಿಂದ ತೋರಿಸಿದರು. ಅವರಾಡಿದ್ದು ಮರಾಠಿ. ಅದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಅಕ್ಕಾ, ಇದು ನನ್ನ ಬಾವಿ. ಇಕಾ, ಈ ಚುಕ್ಕಿ ನಮ್ಮ ಮ್ಹಸೋಬಾ. ಇದರ ಮಗ್ಗಲಿಗಿ ನಿಮ್ಮ ಹೊಲ. ಕೆಂಪು ಪಟ್ಟಿ ಕಾಣ್ತದಲ್ಲ, ಅದರ ಬುಡಕ."

ಮ್ಹಸೋಬಾ ಎಂದರೆ ಅವರ ಬದುವಿನ ಮೇಲಿರುವ, ಸಿಂಧೂರ ಬಳಿದ ಒಂದು ದೇವರ ಕಲ್ಲು. ಮೊಣಕಾಲಿನಷ್ಟು ಎತ್ತರವಿಲ್ಲ. ಅದಕ್ಕೂ ನಕ್ಷೆಯಲ್ಲಿ ಜಾಗ ಸಿಕ್ಕಿತ್ತು. ಹೆದ್ದಾರಿಯಿಂದ ನೆಟ್ಟಗೆ ಬಂದ ಕೆಂಪು ಪಟ್ಟಿ ಕಾಕಾನ ಬಾವಿಯ ಹತ್ತಿರ ಬಂದು, ಆ ಚುಕ್ಕಿಗೂ ತಾಗದಂತೆ ಬಳುಕಿ, ನಮ್ಮ ಹೊಲದ ದಕ್ಷಿಣ ಮೂಲೆಯಲ್ಲಿ ಒಳಗೆ ಬಂದು ಆಚೆ ಹೋಗಿತ್ತು. ಆ ಮೂಲೆಯಲ್ಲಿ ಒಂದು ಬೇವಿನ ಮರವಿದೆ. ಮರದ ಬುಡದಲ್ಲಿ ನನ್ನ ತಮ್ಮನ ಹೆಂಡತಿ ಇದ್ದಾಳೆ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂಡಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿಯಲ್ಲಿ ಮುಚ್ಚಿ ಮಣ್ಣು ಮಾಡುತ್ತೇವೆ. ಅಪ್ಪ ಸಿನ್ನರಿಗೆ ಕೂಲಿಗೆ ಬಂದು, ಊರಿನ ಪಾಲು ಮಾರಿ ಈ ಹೊಲ ಹಿಡಿದವರು. ಆದರೂ ತೀರಿಕೊಂಡಾಗ ಅಪ್ಪನನ್ನೂ ಅವ್ವನನ್ನೂ ಬೀದರ ಕಡೆಯ ನಮ್ಮ ಹಳ್ಳಿಗೇ ಒಯ್ದಿದ್ದೆವು. ಈ ಮಣ್ಣಿಗೆ ನಮ್ಮವರಲ್ಲಿ ಮೊದಲು ಸೇರಿದವಳು ಅವಳೇ. ತಮ್ಮ ಸಂಭಾಜಿನಗರದಲ್ಲಿ ಕಾರ್ಖಾನೆಯೊಂದರ ನೌಕರ. ಅವಳು ಅಲ್ಲಿಯೇ ಜ್ವರ ಬಂದು ಹೋದಳು. ಆ ಶಹರದಲ್ಲೇ ಮಾಡೋಣ ಎಂದು ಬಳಗದವರು ಹೇಳಿದರು. ತಮ್ಮ ಒಪ್ಪಲಿಲ್ಲ. ರಜೆಗೆ ಬಂದಾಗಲೆಲ್ಲ ಅವಳು ಆ ಮರದ ಕೆಳಗೆ ಚಾಪೆ ಹಾಸಿ ಮೆಂತ್ಯೆ ಸೋಸುತ್ತ ಕೂಡುತ್ತಿದ್ದಳು. "ಅಕ್ಕಾ, ಶಹರದಾಗ ಫ್ಯಾನಿನ ಕೆಳಗ ಬರದ ನಿದ್ದಿ ಇಲ್ಲಿ ಬರ್ತದ ನೋಡ್ರಿ" ಎನ್ನುತ್ತಿದ್ದಳು. ತಮ್ಮ ಆ ಜಾಗವನ್ನೇ ತೋರಿಸಿದ. ಕಾಕಾ ತಮ್ಮ ಗುದ್ದಲಿ ತಂದು, ಬರೀ ಬನಿಯನ್ನಿನಲ್ಲಿ ನಿಂತು ಕುಣಿ ತೋಡಿದರು.

ಕುಣಿಯ ಮಣ್ಣು ಕೂತು ಗಟ್ಟಿಯಾಗಲು ಒಂದು ಮಳೆಗಾಲ ಬೇಕು. ಅದಾದ ಮೇಲೆ ಮೇಲೊಂದು ಕಟ್ಟೆ ಕಟ್ಟುವುದು ನಮ್ಮ ರೂಢಿ. ತಮ್ಮ ಮೊದಲೇ ಇಟ್ಟಂಗಿ ತರಿಸಿ, ಖಾನಾವಳಿಯ ಹಿಂದೆ ಒಟ್ಟಿ, "ಮಳಿ ಮುಗದ ಮ್ಯಾಲ ಗೌಂಡಿಗಿ ಹೇಳಕ್ಕಾ" ಎಂದು ಹೋಗಿದ್ದ. ಮಳೆ ಮುಗಿಯಿತು. ನಾನು ಹೇಳಲಿಲ್ಲ. ಆ ವರ್ಷ ಖಾನಾವಳಿಗೆ ಕಾರ್ಖಾನೆಯ ಗಿರಾಕಿ ಹೆಚ್ಚಿತು. ಊಟ ಮಾಡಿದವರು ಕೈ ತೊಳೆದ ಕಡೆಯೆಲ್ಲ ಕೆಸರಾಗುತ್ತಿತ್ತು. ಗೌಂಡಿ ಬೇರೆ ಕೆಲಸಕ್ಕೆ ಬಂದವನು, "ಇಟ್ಟಂಗಿ ಹ್ಯಾಂಗೂ ಬಿದ್ದಾವ, ಕೈ ತೊಳೀಲಿಕ್ಕಿ ಒಂದು ಕಟ್ಟಿ ಮಾಡ್ಲ್ಯಾ?" ಎಂದ. ಮಾಡು ಎಂದೆ. ಬೇರೆ ಇಟ್ಟಂಗಿ ತರಿಸಿದರಾಯಿತು ಎಂದುಕೊಂಡೆ. ತಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ, ಮಣ್ಣು ಇನ್ನೂ ಕೂತಿಲ್ಲ ಎಂದೆ. ನಿಜವಾಗಿ ಮಣ್ಣು ಕೂತು, ಹುಲ್ಲು ಬಂದು, ನೆಲ ಸಮನಾಗಿ ಹೋಗಿತ್ತು.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಇದು ನಕ್ಷೆ ಬರುವ ಮೊದಲಿನ ಮಾತು. ಸರ್ವೆಯವರು ಬರುತ್ತಾರೆಂದು ಸುದ್ದಿಯಾದಾಗ ಖಾನಾವಳಿಯಲ್ಲಿ ಅದೇ ಹರಟೆ. ಯಾರ ಹೊಲ ಹಳದಿಯಾಗುತ್ತದೆ, ಯಾರದು ಹಸಿರಿಗೆ ಬೀಳುತ್ತದೆ. ಚಹಾ ಕುಡಿಯುತ್ತ ಕಾಕಾ ನಗಿಸಲೆಂದು ಒಂದು ಚಾಷ್ಟಿ ಮಾಡಿದರು.

"ಅಕ್ಕಾ, ಸಮಾಧಿ ಅದ ಅಂತ ಅವರಿಗಿ ಹೇಳ್ದಿ ಅಂದ್ರ ನಿಮ್ಮ ಇಡೀ ಹೊಲಕ್ಕ ಸ್ಮಶಾನದ ಬಣ್ಣ ಹೊಡೀತಾರ ನೋಡು. ಆಮ್ಯಾಲ ಸಿನ್ನರಿನ ನಿಮ್ಮ ಮಂದಿಯೆಲ್ಲ ಇಲ್ಲೇ ಬಂದು ಕೂಡ್ತಾರ. ನೀ ರೊಟ್ಟಿ ಬಿಟ್ಟು ವಿಭೂತಿ ಮಾರು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಹೊಟ್ಟೆಯಲ್ಲಿ ಉಳಿಯಿತು. ಹಳದಿ ಬಿದ್ದರೆ ರಸ್ತೆಯ ಬದಿಗೆ ನಾಲ್ಕು ಖೋಲಿ ಕಟ್ಟಿಸಿ ಕಾರ್ಖಾನೆಯವರಿಗೆ ಬಾಡಿಗೆಗೆ ಕೊಡಬೇಕೆಂದು ನಾನು ಯಾರಿಗೂ ಹೇಳದೆ ಲೆಕ್ಕ ಹಾಕಿದ್ದೆ. ಗಂಡ ತೀರಿದ ಮೇಲೆ ಈ ಒಲೆಯ ಮುಂದೆಯೇ ಕೂತವಳು. ಮೊಣಕಾಲು ಹಿಡಿದುಕೊಳ್ಳುತ್ತವೆ. ಮುಂದೆ ರೊಟ್ಟಿ ಬಡಿಯಲು ಆಗದಿದ್ದರೆ ಏನು ಗತಿ ಎಂಬ ಭಯ ನನಗಿತ್ತು. ಸ್ಮಶಾನದ ಬಣ್ಣ ಬಿದ್ದ ಹೊಲದ ಪಕ್ಕದಲ್ಲಿ ಯಾರು ಖೋಲಿ ಹಿಡಿಯುತ್ತಾರೆ, ಯಾರು ಊಟಕ್ಕೆ ಕೂಡುತ್ತಾರೆ?

ಸರ್ವೆಯವರು ಇಬ್ಬರು ಬಂದರು. ಬಿಸಿಲಲ್ಲಿ ಮೂರು ಕಾಲಿನ ಯಂತ್ರ ಇಟ್ಟು ಅಳೆದು, ಮಧ್ಯಾಹ್ನ ನಮ್ಮಲ್ಲೇ ಊಟಕ್ಕೆ ಕೂತರು. ಒಬ್ಬ ಎಡಗೈಯಲ್ಲಿ ಪಾಟಿಯಂಥ ದೊಡ್ಡ ಮೊಬೈಲು ಹಿಡಿದು, ಬಲಗೈಯಲ್ಲಿ ರೊಟ್ಟಿ ಮುರಿಯುತ್ತ ಕೇಳಿದ.

"ಮಾವಶಿ, ಆ ಬೇವಿನ ಮರದ ಕಡೆ ಮೂಲ್ಯಾಗ ಏನರೆ ಅದ ಏನು? ಬಾವಿ, ಗುಡಿ, ಸಮಾಧಿ?"

"ಏನಿಲ್ಲಪ್ಪಾ. ಖಾಲೀನೇ ಬಿದ್ದದ."

"ಪಕ್ಕಾನಾ?"

"ಪಕ್ಕಾ. ಇನ್ನೊಂದು ರೊಟ್ಟಿ ಹಾಕ್ಲ್ಯಾ?"

ಅವನು ಕಿರುಬೆರಳಿನಿಂದ ಮೊಬೈಲು ಒತ್ತಿದ. ನಾನು ರೊಟ್ಟಿ ಹಾಕಿದೆ. ಕಾಕಾ ಎದುರಿನ ಮರದ ಬಾಕಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಬಸಿಯಿಂದ ತಲೆ ಎತ್ತಿ ನನ್ನನ್ನು ನೋಡಿದರು. ಮತ್ತೆ ಬಸಿಗೆ ತುಟಿ ಹಚ್ಚಿದರು.

ನಕ್ಷೆಯ ಮುಂದೆ ನಿಂತಾಗ ಆ ರೊಟ್ಟಿ ನೆನಪಾಯಿತು. ಪಂಚಾಯಿತಿಯ ಗುಮಾಸ್ತ ಯಾರಿಗೋ ತಿಳಿಸಿ ಹೇಳುತ್ತಿದ್ದ: ರಸ್ತೆ ಸುಮ್ಮನೆ ಬಳುಕುವುದಿಲ್ಲ, ಬಾವಿ ಗುಡಿ ಮನೆ ಇದ್ದಲ್ಲಿ ತಪ್ಪಿಸಿ, ಖಾಲಿ ಇದ್ದಲ್ಲಿ ಹಾಯಿಸುತ್ತಾರೆ. ಸ್ಮಶಾನದ ಬಣ್ಣಕ್ಕೆ ಹೆದರಿದ್ದೆ. ಅವಳ ಮೇಲೆ ಲಾರಿಗಳು ಓಡುತ್ತವೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಒಲೆಯ ಮುಂದೆ ಕೂತು ಆಡಿದ ಒಂದು ಮಾತು ಹೀಗೆ ಗೋಡೆಯ ಮೇಲೆ ಕೆಂಪಗೆ ಬಂದು ನಿಲ್ಲುತ್ತದೆ ಎಂದು ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ.

ತಮ್ಮನಿಗೆ ಫೋನಿನಲ್ಲಿ ರಸ್ತೆಯ ವಿಷಯ ಮಾತ್ರ ಹೇಳಿದೆ. ಮಾರನೆಯ ದಿನವೇ ಯೇವಲಾ ಮೇಲೆ ಹಾದು ಬರುವ ಎಸ್.ಟಿ. ಬಸ್ಸು ಹಿಡಿದು ಬಂದ. ಪಂಚಾಯಿತಿಗೆ ಹೋಗಿ ನಕ್ಷೆ ನೋಡಿದವನು ಬಿಳಿಚಿಕೊಂಡು ಬಂದು ಬಾಕಿನ ಮೇಲೆ ಕೂತ.

"ಅಕ್ಕಾ, ಖಾಲಿ ಅಂತ ಬರದಾರ. ಕಣ್ಣು ಕುರುಡು ಅವ ಏನು ಇವರಿಗಿ?"

ನಾನು ನೀರು ಕೊಟ್ಟೆ.

"ನೀ ಇಲ್ಲೇ ಇದ್ದಿ. ಅವರು ಬಂದಾಗ ನೀ ನೋಡಿಲ್ಲೇನು? ಯಾರಿಗಿ ಕೇಳಿ ಬರಕೊಂಡ್ರು?"

"ಬಂದಿದ್ರು. ಊಟ ಮಾಡಿ ಹೋದ್ರು."

ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ. ಅವನು ಆಕ್ಷೇಪಣೆ ಬರೆಸಿ ಕೊಟ್ಟ. ಹೊಲ ಇಬ್ಬರ ಹೆಸರಿನಲ್ಲಿದೆ. ಅವನ ಸಹಿಯ ಕೆಳಗೆ ನಾನೂ ಸಹಿ ಹಾಕಿದೆ.

ನಾಶಿಕದ ಕಚೇರಿಯಲ್ಲಿ ವಿಚಾರಣೆ ಇಟ್ಟಾಗ ಇಬ್ಬರೂ ಹೋದೆವು. ದೊಡ್ಡ ಸಭಾಗೃಹ, ಕುರ್ಚಿಗಳ ಸಾಲು, ನಮ್ಮ ಊರಿನವರೇ ಬಹಳ. ಹೊಲಕ್ಕೆ ಹಸಿರು ಬಿದ್ದಿದೆಯೆಂದು ತಕರಾರು ಹೇಳಲು ಕಾಕಾ ಕೂಡ ಬಂದಿದ್ದರು. ಎದುರಿಗೆ ಕನ್ನಡಕ ಹಾಕಿದ ಒಬ್ಬ ಮೇಡಂ, ಪಕ್ಕದಲ್ಲಿ ಬರೆದುಕೊಳ್ಳುವ ಒಬ್ಬ ಗುಮಾಸ್ತ. ನಮ್ಮ ಸರದಿ ಬಂದಾಗ ತಮ್ಮ ಎದ್ದು ನಿಂತು, ಮರಾಠಿಯಲ್ಲಿ, ಮೆಲ್ಲಗೆ ಹೇಳಿದ.

"ಮೇಡಂ, ಆ ಜಾಗದಾಗ ನನ್ನ ಹೆಂಡತಿ ಅದಾಳ್ರಿ."

ಮೇಡಂ ತಮ್ಮ ಮುಂದಿನ ಕಂಪ್ಯೂಟರು ನೋಡಿದರು. "ಸರ್ವೆಯೊಳಗ ಖಾಲಿ ಅಂತ ಅದ. ನಮ್ಮವರು ಹೊಲದ ಮ್ಯಾಲ ಇದ್ದವರನ್ನ ಕೇಳದೆ ಬರೆಯೂದಿಲ್ಲ. ಯಾರೋ ಹೇಳ್ಯಾರ."

"ನಮ್ಮವರು ಯಾರೂ ಹಂಗ ಹೇಳೂದಿಲ್ರಿ" ಎಂದ ತಮ್ಮ. ಆಮೇಲೆ ತಿರುಗಿ ಕಾಕಾನ ಕಡೆ ಕೈ ಮಾಡಿದ. "ಇವರ ಬಾವಿ ಉಳೀತು. ಇವರ ಕಲ್ಲು ಉಳೀತು. ನಮ್ಮದು ಮಾತ್ರ ಖಾಲಿ ಆಯ್ತು. ಇವರೇ ಹೇಳಿರ್ತಾರ."

ಕಾಕಾ ಎದ್ದರು. ಕೋಲನ್ನು ನೆಲಕ್ಕೆ ಕುಟ್ಟಿದರು.

"ಏ ಪೋರ. ಆಕಿ ಕುಣಿ ತೋಡಿದವ ನಾ. ನಾ ಯಾಕ ಹೇಳ್ಲಿ? ನಿಮ್ಮ ಅಕ್ಕನ್ನ ಕೇಳು. ರೊಟ್ಟಿ ಹಾಕ್ಕೋತ ಆಕೀನೇ ಹೇಳ್ಯಾಳ. ನಾ ಅಲ್ಲೇ ಚಾ ಕುಡೀಲತ್ತಿದ್ದೆ."

ತಮ್ಮ ನನ್ನ ಕಡೆ ತಿರುಗಿ ನಕ್ಕ. ಇವತ್ತಿಗೂ ನನ್ನನ್ನು ಬೆಚ್ಚಿಬೀಳಿಸುವುದು ಆ ನಗು. ಅಕ್ಕ ಈಗ ಬಾಯಿ ತೆರೆದು ಈ ಮುದುಕನ ಮಾತು ಅಲ್ಲಗಳೆಯುತ್ತಾಳೆ ಎಂದು ಅವನು ಪೂರ್ತಿ ನಂಬಿ ನಕ್ಕಿದ್ದ.

"ಕೇಳ್ದಿ ಏನಕ್ಕಾ? ಏನ್ ಅನ್ಲತ್ತಾರ ನೋಡು. ಹೇಳು ಇವರಿಗಿ."

ನನಗೆ ಮರಾಠಿ ಬಾಯಿಗೆ ಬರಲಿಲ್ಲ. ದಿನವೆಲ್ಲ ಗಿರಾಕಿಗಳ ಜೊತೆ ಆಡುವ ಭಾಷೆ, ಒಂದು ಶಬ್ದವೂ ಸಿಗಲಿಲ್ಲ.

"ನಾನೇ ಹೇಳೀನಪ್ಪಾ" ಎಂದೆ.

"ಏನ್ ಹೇಳ್ದಿ?"

"ಏನೂ ಇಲ್ಲ ಅಂತ."

ಅವನ ಮುಖದ ಮೇಲೆ ನಗು ಹಾಗೆಯೇ ಇತ್ತು. ತೆಗೆಯಲು ಮರೆತವನ ಹಾಗೆ. ಮೇಡಂಗೆ ಕನ್ನಡ ತಿಳಿಯಲಿಲ್ಲ. "ಅವರು ಏನಂತಾರ?" ಎಂದು ತಮ್ಮನನ್ನೇ ಕೇಳಿದರು. ಆ ಸಭೆಯಲ್ಲಿ ನನ್ನ ಮಾತು ತಿಳಿದವನು ಅವನೊಬ್ಬನೇ. ನಾನು ಮಾಡಿದ್ದನ್ನು ಅವನೇ ಅವರಿಗೆ ಮರಾಠಿಯಲ್ಲಿ ಹೇಳಬೇಕಿತ್ತು. ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ.

"ತನ್ನಿಂದ ತಪ್ಪಾಗ್ಯಾದ ಅಂತಾಳ" ಎಂದ. ಆಮೇಲೆ, "ಅಲ್ಲಿ ನಮ್ಮ ಮನಿಯಾಕಿ ಅದಾಳ ಅಂತಾಳ" ಎಂದ.

ಎರಡನೆಯ ಮಾತು ನಾನು ಹೇಳಿರಲಿಲ್ಲ. ನಾನು ಹೇಳಬೇಕಾಗಿದ್ದ ಮಾತು ಅದು.

ಮೇಡಂ ಬರೆದುಕೊಂಡರು. ಸ್ಥಳ ನೋಡಲು ಮತ್ತೆ ಜನ ಕಳಿಸುತ್ತೇವೆ, ಗುರುತಿಗೆ ಏನಿದೆ ಎಂದು ಕೇಳಿದರು. ಕಟ್ಟೆ ಇನ್ನೂ ಕಟ್ಟಿಲ್ಲ, ಇಟ್ಟಂಗಿ ತಂದಿಟ್ಟಿದ್ದೇನೆ ಎಂದ ತಮ್ಮ. ಪಕ್ಕದ ಗುಮಾಸ್ತ ಬರೆಯುತ್ತಲೇ, ತಲೆ ಎತ್ತದೆ, "ಗುರುತಿಲ್ಲಂದ್ರ ಅಗದು ನೋಡಬೇಕಾಗ್ತದೇನು ಮೇಡಂ?" ಎಂದ. ಕೆಟ್ಟ ಮನಸ್ಸಿನಿಂದಲ್ಲ. ಅಲಮಾರಿ ತೆಗೆದು ನೋಡಬೇಕೇ ಎಂದು ಕೇಳಿದಂತೆ ಕೇಳಿದ. ತಮ್ಮ ಕುರ್ಚಿಯಲ್ಲಿ ಕುಸಿದು ಕೂತ. ಮೇಡಂ ಗುಮಾಸ್ತನ ಕಡೆ ನೋಡಿ ಬೇಡವೆಂದು ಕೈ ಅಲ್ಲಾಡಿಸಿದರು.

"ಅಗಿಯೂದು ಗಿಗಿಯೂದು ಬ್ಯಾಡ" ಎಂದರು ಕಾಕಾ, ಇನ್ನೂ ನಿಂತೇ ಇದ್ದವರು. "ಜಾಗ ನಾ ತೋರಿಸ್ತೀನಿ. ಆದ್ರ ಮೇಡಂ, ರಸ್ತಾ ನನ್ನ ದ್ರಾಕ್ಷಿ ತ್ವಾಟದ ಕಡೆ ಸರೀತು ಅಂದ್ರ ನಾನೂ ಇಲ್ಲೇ ಬಂದು ಕೂಡಾವ. ಅದನ್ನೂ ಬರಕೊಳ್ರಿ."

ಕೆಲವರು ನಕ್ಕರು. ನಾವಿಬ್ಬರೂ ನಗಲಿಲ್ಲ.

ಸಿನ್ನರಿನವರೆಗೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು. ತಮ್ಮ ಮೇಲಿನ ಕಂಬಿ ಹಿಡಿದು ನಿಂತೇ ಬಂದ. ಖಾನಾವಳಿಗೆ ಬಂದವನು ನೇರ ಹಿಂದೆ ಹೋದ. ಅಲ್ಲಿ ಇಟ್ಟಂಗಿ ಇರಲಿಲ್ಲ. ತಿರುಗಿ ಬಂದು, "ಇಟ್ಟಂಗಿ ಎಲ್ಲಿ ಅವ?" ಎಂದ.

ನಾನು ಕೈ ತೊಳೆಯುವ ಕಟ್ಟೆಯ ಕಡೆ ನೋಡಿದೆ. ಅವನೂ ನೋಡಿದ. ಅಂದು ಬೆಳಿಗ್ಗೆ ನಾಶಿಕಕ್ಕೆ ಹೊರಡುವ ಮೊದಲು ಅವನು ಅಲ್ಲಿಯೇ ಬಾಯಿ ತೊಳೆದಿದ್ದ. ತನ್ನ ಎರಡೂ ಕೈ ಎತ್ತಿ ನೋಡಿಕೊಂಡ.

"ಮಂದಿ ಬಾಯಿ ಮುಕ್ಕಳಿಸಿ ಉಗುಳ್ಯಾರಲ್ಲಕ್ಕಾ, ಇದರ ಮ್ಯಾಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ಹಾರೆ ತಂದು ಕಟ್ಟೆ ಬಿಚ್ಚತೊಡಗಿದ. ಊಟಕ್ಕೆ ಬಂದ ಗಿರಾಕಿಗಳು ದೂರ ನಿಂತು ನೋಡಿ, ಒಬ್ಬೊಬ್ಬರೇ ವಾಪಸು ಹೋದರು. ಬಿಚ್ಚಿದ ಇಟ್ಟಂಗಿಗಳನ್ನು ನೀರಿನ ತೊಟ್ಟಿಯ ಹತ್ತಿರ ಒಯ್ದು ತೆಂಗಿನ ನಾರಿನಿಂದ ತಿಕ್ಕಿದ. ನಾನೂ ಹೋಗಿ ಎದುರಿಗೆ ಕೂತು ಒಂದನ್ನು ಎತ್ತಿಕೊಂಡೆ. ಬೇಡ ಎನ್ನಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಉಂಡ ಕೈಗಳ ಅರಿಸಿನದ ಎಣ್ಣೆ ಇಟ್ಟಂಗಿಯ ಒಳಗೆ ಇಳಿದಿತ್ತು. ಎಷ್ಟು ತಿಕ್ಕಿದರೂ ಕೆಲವು ಹಳದಿಯಾಗಿಯೇ ಉಳಿದವು.

ಮರುದಿನ ಬೆಳಿಗ್ಗೆ ಕಾಕಾ ಬಂದು ಬೇವಿನ ಬುಡದಿಂದ ಹೆಜ್ಜೆ ಹಾಕಿ ಜಾಗ ತೋರಿಸಿದರು. ತಮ್ಮ ಅವರ ಕಾಲು ಮುಟ್ಟಲು ಬಗ್ಗಿದ. "ಇರ್ಲಿ ಬಿಡು ಪೋರ, ಮೊದ್ಲ ಕಟ್ಟಿ ಕಟ್ಟು, ಕಲಸಿದ ಸಿಮೆಂಟು ಒಣಗ್ತದ" ಎಂದು ಕಾಕಾ ಅವನ ಹೆಗಲು ಹಿಡಿದು ಎಬ್ಬಿಸಿದರು. ನಾನು ಇಟ್ಟ ಚಹಾ ಅವರು ಅಂದು ಕುಡಿಯಲಿಲ್ಲ. ಕಟ್ಟೆ ಮುಗಿದ ಮೇಲೆ ತಮ್ಮ ಊಟ ಮಾಡದೆ ಸಂಭಾಜಿನಗರದ ಬಸ್ಸು ಹತ್ತಿದ.

ಸ್ಥಳ ನೋಡಲು ಬಂದವನು ಮೊದಲು ಬಂದ ಸರ್ವೆಯವರಲ್ಲೇ ಒಬ್ಬ. ನಾನು ಉತ್ತರ ಕೊಟ್ಟಿದ್ದು ಅವನಿಗೇ. ತಮ್ಮ ರಜೆ ಹಾಕಿ ಬಂದಿದ್ದ. ಬೇವಿನ ಮರದ ಕೆಳಗೆ, ಎಲ್ಲರ ಮುಂದೆ, ಅವನು ಅದೇ ಮೊಬೈಲು ಹಿಡಿದು ನನ್ನನ್ನೇ ಕೇಳಿದ.

"ಮಾವಶಿ, ಇಲ್ಲಿ ಏನದ?"

"ನನ್ನ ತಮ್ಮನ ಹೆಂಡತಿ ಕೂತಾಳಪ್ಪಾ" ಎಂದೆ, ಈ ಸಲ ಮರಾಠಿಯಲ್ಲಿ.

ಅವನು ಮೊಬೈಲಿನಲ್ಲಿ ಮೇಲೆ ಕೆಳಗೆ ಹುಡುಕಿದ. ಅದರೊಳಗಿನ ಪಟ್ಟಿಯಲ್ಲಿ ಬಾವಿ ಇತ್ತು, ಗುಡಿ ಇತ್ತು, ಸ್ಮಶಾನ ಇತ್ತು. "ಒಬ್ಬರೇ ಇದ್ರ ಸ್ಮಶಾನ ಅಂತ ಬರೆಯಂಗಿಲ್ಲ ಮಾವಶಿ. ಸಮಾಧಿ ಅಂತ ಹಾಕ್ತೀನಿ, ಅಷ್ಟ ಜಾಗಕ್ಕ" ಎಂದ. ಹಾಗಾದರೆ ಇಡೀ ಹೊಲಕ್ಕೆ ಬಣ್ಣ ಹೊಡೆಯುವುದಿಲ್ಲವೇ ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆಯನ್ನು ಮೊದಲ ಸಲವೇ, ರೊಟ್ಟಿ ಹಾಕುವ ಮುಂಚೆ, ಕೇಳಬಹುದಾಗಿತ್ತು. ಕೇಳಿದ್ದರೆ ಅವನು ಆಗಲೂ ಇದನ್ನೇ ಹೇಳುತ್ತಿದ್ದ.

ರಸ್ತೆ ಸರಿಯುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಕೊನೆಯ ನಕ್ಷೆ ಬಂದಿಲ್ಲ. ಅವಳನ್ನು ಬಿಟ್ಟು ಸರಿದರೆ ಅದು ಕಾಕಾನ ದ್ರಾಕ್ಷಿಯ ಕಡೆಗೇ ಸರಿಯಬೇಕು, ಅದೂ ನನಗೆ ಗೊತ್ತಿದೆ. ಅವರು ಈಗ ಚಹಾಕ್ಕೆ ಬರುತ್ತಾರೆ, ಚಾಷ್ಟಿ ಮಾಡುವುದಿಲ್ಲ.

ಸರ್ವೆಯವನು ಹೋದ ಮೇಲೆ ಅಂದು ತಮ್ಮ ಬಸ್ಸಿಗೆ ಹೋಗದೆ ಖಾನಾವಳಿಯ ಬಾಕಿನ ಮೇಲೆ ಕೂತ. ನಾನು ಕೇಳದೆಯೇ ತಾಟು ಹಾಕಿದೆ. ಉಂಡ. ಕೈ ತೊಳೆಯಲು ಎದ್ದು ಹೊರಗೆ ಬಂದು, ಕಟ್ಟೆ ಇದ್ದ ಜಾಗದಲ್ಲಿ ನಿಂತ. ಅಲ್ಲಿ ಈಗ ಮತ್ತೆ ಕೆಸರು. ಬಂದವರಿಗೆಲ್ಲ ನಾನೇ ತಂಬಿಗೆಯಿಂದ ನೀರು ಹಾಕುತ್ತೇನೆ. ಹೊಸ ಇಟ್ಟಂಗಿ ತರಿಸಲು ಮನಸ್ಸಾಗಿಲ್ಲ. ತಂಬಿಗೆ ತಂದು ನಿಂತೆ. ಅವನು ಬೇವಿನ ಮರದ ಕಡೆ ಮುಖ ಮಾಡಿಕೊಂಡು, ನನ್ನನ್ನು ನೋಡದೆ, ಕೈ ಮುಂದೆ ಚಾಚಿದ. ನಾನು ನೀರು ಹಾಕಿದೆ.